ಗಿರಣಿ ಕಾಕಾ ಲಗ್ನ ಮುರಿಯಲಿಲ್ಲ

ಅವರ ಎರಡೂ ಕಿವಿಯಲ್ಲಿ ಯಾವಾಗಲೂ ಹತ್ತಿ ಇರುತ್ತಿತ್ತು. ಗಿರಣಿಯ ಸಪ್ಪಳಕ್ಕೆ ಕಿವಿ ಕೆಡಬಾರದೆಂದು ತುರುಕಿಕೊಂಡ ಹತ್ತಿ. ಜೋಳ ಬೀಸಿದ ದಿನ ಅದು ಬಿಳಿ, ಕಡಲೆ ಬೀಸಿದ ದಿನ ಹಳದಿ, ಖಾರ ಬೀಸಿದ ದಿನ ಕೆಂಪು. ದೂರದಿಂದ ಅವರ ಕಿವಿ ನೋಡಿಯೇ ಇವತ್ತು ಗೋದಿ ಒಯ್ಯಬೇಕೋ ನಾಳೆ ಒಯ್ಯಬೇಕೋ ಎಂದು ನಾವು ಓಣಿಯ ಹೆಂಗಸರು ತೀರ್ಮಾನ ಮಾಡುತ್ತಿದ್ದೆವು. ಹತ್ತಿ ತುರುಕಿಕೊಂಡೂ ಕಿವಿ ಅರ್ಧ ಮಂದವಾಗಿತ್ತು. ಅದಕ್ಕೇ ಮಾತಾಡುವವರ ಬಾಯಿಯನ್ನೇ ದಿಟ್ಟಿಸುತ್ತಿದ್ದರು. ಹೊಸದಾಗಿ ಬಂದ ಸೊಸೆಯಂದಿರು ಗಾಬರಿಯಾಗಿ ಸೆರಗು ಎಳೆದುಕೊಂಡರೆ, "ಹೆದರಬ್ಯಾಡವಾ, ನಾ ನಿನ್ನ ನೋಡಾಕತ್ತಿಲ್ಲ, ನಿನ್ನ ಮಾತು ನೋಡಾಕತ್ತೇನಿ" ಎನ್ನುತ್ತಿದ್ದರು.

ಊರಿಗೆಲ್ಲ ಅವರು ಗಿರಣಿ ಕಾಕಾ. ನನಗೂ ಅಷ್ಟೇ.

ನಾನು ಬರೆಯುವವಳಲ್ಲ. ನಾಲ್ಕನೆಯ ಇಯತ್ತೆ ಮುಗಿಸಿ ಬಿಟ್ಟವಳು. ಮಗಳಿಗೆ ನಾಲ್ಕು ಸಾಲು ಪತ್ರ ಬರೆಯುವಷ್ಟು ಬರುತ್ತದೆ. ಆದರೆ ಈಗ ಆ ಮಗಳು ತವರಿಗೆ ಬಂದಿದ್ದಾಳೆ, ಕಂಕುಳಲ್ಲಿ ನನ್ನ ಮೊಮ್ಮಗಳು. ಒಂದು ವರ್ಷ ಎರಡು ತಿಂಗಳಿನ ಕೂಸು. ಹೊಸ್ತಿಲು ಹಿಡಿದು ಎದ್ದು ನಿಲ್ಲುತ್ತದೆ, ಕೈ ಬಿಟ್ಟು ಒಂದು ಹೆಜ್ಜೆ ಇಡುತ್ತದೆ, ಪಟ್ಟನೆ ಕೂತುಬಿಡುತ್ತದೆ, ಕೂತು ತಾನೇ ಚಪ್ಪಾಳೆ ಹೊಡೆದುಕೊಳ್ಳುತ್ತದೆ. ಅದನ್ನು ನೋಡಿ ನೋಡಿ ನನ್ನ ಎದೆ ಒಲೆಯ ಮೇಲಿನ ಹಾಲಿನ ಹಾಗೆ ಉಕ್ಕಿ ಬರುತ್ತಿದೆ. ಯಾರ ಮುಂದೆ ಹೇಳಲಿ? ಓಣಿಯವರ ಮುಂದೆ ಹೇಳಿ ಹೇಳಿ ಅವರೆಲ್ಲ ಬೇಸತ್ತಿದ್ದಾರೆ. ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ಅದಕ್ಕೇ ಕಾಗದಕ್ಕೆ ಹೇಳುತ್ತಿದ್ದೇನೆ. ಈ ಕೂಸು ನಮ್ಮ ಮನೆಗೆ ಬಂದದ್ದು ಗಿರಣಿ ಕಾಕಾನ ಒಂದು ಮಾತಿನಿಂದ. ಆ ಮಾತಿಗಾಗಿ ನಾನು ಅವರನ್ನು ಹತ್ತು ಮಂದಿಯ ಎದುರಿಗೆ ಶಪಿಸಿದ್ದೆ. ಸಂತೋಷ ಇಷ್ಟು ದೊಡ್ಡದಾಗಿರುವಾಗ ಅದರ ಜೋಡಿ ಈ ತಪ್ಪನ್ನೂ ಹೇಳಿಬಿಟ್ಟರೆ ಹಗುರವಾದೀತು.

ನಮ್ಮೂರು ಯರಗುಪ್ಪಿಯ ಆಚೆ. ಸುತ್ತಲೂ ಎರೆ ಹೊಲ. ಮಳೆಯಾದರೆ ಚಪ್ಪಲಿಗೆ ಮೆತ್ತಿದ ಮಣ್ಣು ಕಾಲನ್ನೇ ಬಿಡುವುದಿಲ್ಲ. ಗಿರಣಿ ಎಂದರೆ ತಗಡು ಹೊದಿಸಿದ ಒಂದು ಖೋಲಿ. ಒಳಗೆ ಕರೆಂಟಿನ ಮೋಟಾರು, ಉದ್ದನೆಯ ಪಟ್ಟಾ, ಬೀಸುವ ಕಲ್ಲು. ಹೊರಗೆ ಬೇವಿನ ನೆರಳಿನಲ್ಲಿ ಡಬ್ಬಿ, ಬುಟ್ಟಿ, ಚೀಲಗಳ ಪಾಳಿ. ಪಾಳಿಯ ಬಾಜು ನಾವು. ಕರೆಂಟು ಹೋದರೂ ಮನೆಗೆ ಹೋಗುವ ಹಾಗಿಲ್ಲ, ಪಾಳಿ ತಪ್ಪುತ್ತದೆ. ಹೀಗಾಗಿ ಊರಿನ ಸುದ್ದಿಯೆಲ್ಲ ಅಲ್ಲಿಯೇ ಹಿಟ್ಟಾಗುತ್ತಿತ್ತು.

ಕಾಳು ಸುರಿಯುವ ಮೊದಲು ಕಾಕಾ ಒಂದು ಹಿಡಿ ತೆಗೆದು ಮೂಸುತ್ತಿದ್ದರು. "ಯವ್ವಾ, ಇದು ನೆಲದಾಗಿನ ಹಗೇವಿನ ತಳದ ಜ್ವಾಳ. ಮುಗ್ಗಲ ವಾಸನಿ ಐತಿ. ರೊಟ್ಟಿ ಕಹಿ ಆಕ್ಕಾವು, ಆಮ್ಯಾಲೆ ನನ್ನ ಕಲ್ಲಿಗೆ ಬೈಬ್ಯಾಡ." ಒಮ್ಮೆ ನನ್ನ ಗೋದಿ ಹಿಟ್ಟಿನ ಡಬ್ಬಿ ಕೈಗೆ ಕೊಡುತ್ತ, ನಾನು ಕೇಳದೆಯೇ ಹೇಳಿದರು: "ನಿನ್ನ ಮುಂದಿನಾಕೀದು ಕಡ್ಲಿ ಇತ್ತು. ನಾ ಕಲ್ಲು ಸರಿಯಾಗಿ ಝಾಡಿಸಲಿಲ್ಲ. ಒಂದು ಹಿಡಿ ಕಡ್ಲಿಹಿಟ್ಟು ನಿನ್ನದರಾಗ ಕೂಡೇತಿ. ತಪ್ಪು ನಂದು." ನಾನು ಮುಖ ಸಿಂಡರಿಸಿಕೊಂಡು ಗೊಣಗಿದೆ. ಅವರು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಒಂದು ಮಾತು. ಆ ದಿನದ ನಂತರ ಅವರು "ಹಿಟ್ಟು ಚೊಕ್ಕ ಐತಿ" ಅಂದಾಗ ನಾನು ಒಮ್ಮೆಯೂ ಡಬ್ಬಿಯ ಮುಚ್ಚಳ ತೆಗೆದು ನೋಡಿದವಳಲ್ಲ.

ಅವರಿಗೊಂದು ಚಟವಿತ್ತು. ಪಾಳಿಯಲ್ಲಿ ಯಾರಾದರೂ ಸುದ್ದಿ ಹೇಳಿದರೆ ಸಾಕು, ಕೇಳುತ್ತಿದ್ದರು: "ಕಂಡದ್ದೋ, ಕೇಳಿದ್ದೋ?" ಕಂಡದ್ದು ಎಂದರೆ ಕೂತು ಕೇಳುವರು. ಕೇಳಿದ್ದು ಎಂದರೆ "ಹಾಂ" ಎಂದು ತಮ್ಮ ಕೆಲಸಕ್ಕೆ ಹೊರಳುವರು. ನಮಗೆಲ್ಲ ಅದೊಂದು ನಗೆಯಾಗಿತ್ತು. ಹುಡುಗಿಯರು ಅವರ ದನಿ ತೆಗೆದು ಅಣಕಿಸುತ್ತಿದ್ದರು.

ಊರಿಗೆ ಹೊಸದಾಗಿ ಕೈಪಂಪಿನ ಬೋರು ಹಾಕಿದ ವರ್ಷ ಅದು. ಒಂದು ಮುಂಜಾನೆ ಪಾಳಿಯಲ್ಲಿ ಗುಲ್ಲೋ ಗುಲ್ಲು. "ಬೋರಿನ ನೀರು ಕುಡುದು ಎಮ್ಮಿ ಸತ್ತತಂತ!" ಆಗಲೇ ಅರ್ಧ ಊರು ಕೊಡ ಹೊತ್ತು ಹಳೆಯ ಕೆರೆಯ ದಾರಿ ಹಿಡಿದಿತ್ತು. ಕಾಕಾ ಮೋಟಾರು ಬಂದ್ ಮಾಡಿ ಹೊರಗೆ ಬಂದರು.

"ನೀ ಕಂಡ್ಯೇನವಾ?"

"ಇಲ್ಲರಿ. ಈಕಿ ಹೇಳಿದ್ಲು."

"ನೀ ಕಂಡ್ಯಾ?"

"ನಂಗ ನಮ್ಮ ನೆಗೆಣ್ಣಿ ಹೇಳಿದ್ಲರಿ ಕಾಕಾ."

"ನೆಗೆಣ್ಣಿ ಎಲ್ಲಿ?"

"ನೀರಿಗೆ ಹೋಗ್ಯಾಳ್ರಿ, ಕೆರಿಗೆ."

ಕಾಕಾ ಹೆಗಲ ಮೇಲಿನ ವಸ್ತ್ರ ಝಾಡಿಸಿ ಎಮ್ಮೆಯ ಮನೆಗೇ ಹೋದರು. ಅರ್ಧ ತಾಸಿಗೆ ಬಂದು ಮೋಟಾರು ಹಚ್ಚುತ್ತ ಹೇಳಿದರು: "ಎಮ್ಮಿ ಮೆಲುಕು ಹಾಕಾಕತ್ತೇತಿ. ನಿನ್ನಿ ಹಸಿ ಕಡ್ಲಿಗಿಡ ಮೇದು ಹೊಟ್ಟಿ ಉಬ್ಬಿತ್ತಂತ. ಇವತ್ತ ಹಾಲು ಕೊಟ್ಟೇತಿ. ಕಂಡು ಬಂದೆ."

"ಹಂಗಾರ ಸುಳ್ಳು ಹೇಳಿದಾಕಿ ಯಾರ್ರಿ?" ಎಂದು ನಾನೇ ಜೋರು ಮಾಡಿದೆ.

"ಸುಳ್ಳು ಯಾರೂ ಹೇಳಿಲ್ಲವಾ. ಒಬ್ಬಾಕಿ ಎಮ್ಮಿ ಮಲಗೇತಿ ಅಂದ್ಲು. ಇನ್ನೊಬ್ಬಾಕಿ ಏಳವಲ್ದು ಅಂದ್ಲು. ಮೂರನೇದಾಕಿ ಚಟ್ಟಾನಽ ಕಟ್ಟಿಬಿಟ್ಲು!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ನಗುವಾಗ ನನ್ನ ಬಗ್ಗೆ ನನಗೆ ಏನೂ ಅನುಮಾನ ಬರಲಿಲ್ಲ.

ಅದೇ ವರ್ಷ ಶ್ರಾವಣದಲ್ಲಿ ನನ್ನ ಹಿರಿಯ ಮಗಳು ಗಿರಣಿಯಲ್ಲಿ ಬಿದ್ದಳು. ಆಗ ಅವಳಿಗೆ ಹತ್ತೊಂಬತ್ತು. ನಾನು ಅಲ್ಲಿರಲಿಲ್ಲ. ಮನೆಗೆ ಬಂದಾಗ ತಲೆಗೂದಲು ಒದ್ದೆಯಾಗಿತ್ತು, ಡಬ್ಬಿಯಲ್ಲಿ ಹಿಟ್ಟು ಅರ್ಧ ಇತ್ತು. "ಉಪಾಸ ಇದ್ದೆನಲ್ಲಬೇ, ಕಣ್ಣಿಗೆ ಕತ್ತಲಿ ಬಂತು" ಎಂದಳು. ಹಾಲು ಕುಡಿಸಿ ಮಲಗಿಸಿದೆ. ಹೆಚ್ಚಿಗೆ ಏನೂ ಕೇಳಲಿಲ್ಲ.

ಮಾಗಿಯಲ್ಲಿ ಒಂದು ಗಂಡಿನ ಕಡೆಯವರು ಬಂದು ನೋಡಿ ಹೋದರು. ತಿರುಗಿ ಸುದ್ದಿ ಇಲ್ಲ. ಇನ್ನೊಂದು ಕಡೆಯವರು ಬಂದರು. ಉಪ್ಪಿಟ್ಟು ತಿಂದರು, ಹುಡುಗಿಯ ಕೈಯಿಂದ ನಾಲ್ಕು ಅಕ್ಷರ ಬರೆಯಿಸಿ ಚಲೋ ಐತಿ ಎಂದರು, ಹೋದರು. ಅವರೂ ಸುಮ್ಮನಾದರು. ಕೊನೆಗೆ ಕುಂದಗೋಳದಲ್ಲಿರುವ ನನ್ನ ಅಣ್ಣ ಬಂದು ತಲೆ ತಗ್ಗಿಸಿಕೊಂಡು ಹೇಳಿದ: "ಹುಡುಗಿಗೆ ಮೂರ್ಛಿ ಬರತೈತಿ ಅಂತ ಮಂದಿ ಮಾತಾಡಾಕತ್ತಾರಬೇ."

ನಾನು ಬೇಯಿಸುತ್ತಿದ್ದ ರೊಟ್ಟಿ ಹಂಚಿನ ಮೇಲೆಯೇ ಕರಕಾಯಿತು. ನಮ್ಮ ಕಡೆ ಹೆಣ್ಣಿನ ಮೇಲೆ ಮೂರ್ಛೆರೋಗದ ಹೆಸರು ಕೂತರೆ ಮುಗಿಯಿತು. ಅವಳಷ್ಟೇ ಅಲ್ಲ, ಅವಳ ಬೆನ್ನಿಗೆ ಇದ್ದ ಇಬ್ಬರು ತಂಗಿಯರೂ ಮನೆಯಲ್ಲಿಯೇ ಉಳಿದಾರು. ಮಗಳು ಗಿರಣಿಗೆ ಹೋಗುವುದನ್ನು ಬಿಟ್ಟಳು, ಆಮೇಲೆ ನೀರಿಗೆ ಹೋಗುವುದನ್ನು ಬಿಟ್ಟಳು. ಇಡೀ ಓಣಿಗೆ ಕೇಳುವ ದನಿಯ ಹುಡುಗಿ ಪಿಸುಮಾತಿನಲ್ಲಿ ಮಾತಾಡತೊಡಗಿದಳು.

ಅಷ್ಟರಲ್ಲಿ ಮೂರನೆಯ ಸಂಬಂಧ ಬಂತು. ಕಲಘಟಗಿಯ ಆಚೆ ತಂಬೂರಿನ ಕಡೆಯವರು, ಭತ್ತ ಬೆಳೆಯುವ ಮಂದಿ. ನಮ್ಮಲ್ಲಿ ಹೆಣ್ಣು ನೋಡುವ ಮೊದಲು ಊರು ನೋಡುವುದು ಒಂದು ರೂಢಿ. ಗಂಡಿನ ಕಡೆಯ ಇಬ್ಬರು ಹಿರಿಯರು ಎತ್ತು ಕೊಳ್ಳುವ ನೆಪ ಮಾಡಿಕೊಂಡು ಬರುತ್ತಾರೆ. ಚಹಾದಂಗಡಿಯಲ್ಲಿ ಕೂತು, ದರ್ಜಿಯ ಕಟ್ಟೆಯ ಮೇಲೆ ಕೂತು, ಎತ್ತಿನ ಮಾತಾಡುತ್ತಲೇ ಹುಡುಗಿಯ ಮಾತು ತೆಗೆಯುತ್ತಾರೆ. ಅವರು ಯಾಕೆ ಬಂದಿದ್ದಾರೆ ಎಂದು ಊರಿಗೆಲ್ಲ ಗೊತ್ತಿರುತ್ತದೆ. ಊರಿಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿರುತ್ತದೆ. ಆದರೂ ಎತ್ತಿನ ಹಲ್ಲು ನೋಡಿಯೇ ನೋಡುತ್ತಾರೆ.

ಅವರು ಬರುವ ಸುಳಿವು ಸಿಕ್ಕ ಕೂಡಲೇ ನಾನು ಊರೆಲ್ಲ ಒಂದು ಸುತ್ತು ಹಾಕಿದೆ. ಚಹಾದಂಗಡಿಯವನಿಗೆ, ದರ್ಜಿಗೆ, ಓಣಿಯ ಒಬ್ಬೊಬ್ಬಳಿಗೂ ಕೈ ಮುಗಿದು ಹೇಳಿದೆ: "ಬಂಗಾರದಂಥಾ ಹುಡುಗಿ, ದನಿ ಎತ್ತಿ ಮಾತಾಡಿದಾಕಿ ಅಲ್ಲ, ಒಂದು ದಿನ ತಲಿನೋವು ಅಂದಾಕಿ ಅಲ್ಲ ಅಂತ ಹೇಳ್ರಿ." ಎಲ್ಲರೂ ಒಪ್ಪಿದರು. ಲಗ್ನ ಮುರಿಯುವ ಮಾತಾಡಿ ಪಾಪ ಕಟ್ಟಿಕೊಳ್ಳುವವರು ಯಾರು? ಕೊನೆಗೆ ಗಿರಣಿಗೆ ಹೋದೆ.

"ಕಾಕಾ, ಆಕಿ ಬಿದ್ದ ಮಾತು ಎತ್ತಬ್ಯಾಡ್ರಿ."

ಅವರು ನನ್ನ ಬಾಯಿ ನೋಡಿದರು. "ನಾನಾಗಿ ಎತ್ತಂಗಿಲ್ಲವಾ. ಕೇಳಿದ್ರ ಹೇಳ್ತೇನಿ."

"ಸಾವಿರ ಸುಳ್ಳು ಹೇಳಿ ಒಂದು ಲಗ್ನ ಮಾಡು ಅಂತ ಹಿರ್ಯಾರು ಹೇಳ್ಯಾರ್ರಿ!"

"ಸಾವಿರ ಹೇಳೂ ಮಂದಿ ಊರ ತುಂಬ ಅದಾರು. ನಂದೊಂದು ಕಮ್ಮಿ ಬಿದ್ರ ಏನಾಕ್ಕೈತಿ?"

ನಾನು ಅತ್ತೆ. ಅವರ ಮುಖವೂ ಸಣ್ಣದಾಯಿತು. ಆದರೆ ಹೂಂ ಎನ್ನಲಿಲ್ಲ.

ಎರಡು ದಿನ ಬಿಟ್ಟು ಬಂದರು ಬೀಗರಾಗುವವರು, ಜೊತೆಗೆ ಅವರ ಭಾವಮೈದುನ. ನಾನು ಒಳಗೆ ದೇವರ ಮುಂದೆ ಕೂತಿದ್ದೆ. ಸಂಜೆಯ ಮುಂದೆ ನಮ್ಮ ಓಣಿಯ ತುದಿಮನೆಯಾಕೆ ಓಡುತ್ತ ಬಂದಳು. ಅವಳು ಕೆಟ್ಟವಳಲ್ಲ, ನನ್ನ ಮೇಲೆ ಪ್ರೀತಿ ಇದ್ದವಳೇ.

"ನಿನ್ನ ಮನಿ ಮುರೀತು ನೋಡಬೇ! ನಾ ಖುದ್ದ ಪಾಳ್ಯಾಗ ನಿಂತಿದ್ದೆ. ಗಿರಣಿ ಕಾಕಾ ಅವರ ಮುಂದ ಬಾಯಿಬಿಟ್ಟು ಹೇಳಿದ, ಹುಡುಗಿ ಬಿದ್ದಿತ್ತು ಅಂದ, ಮೂರ್ಛಿ ಅಂದ. ನನ್ನ ಕಿವೀಲೆ ಕೇಳೇನಿ!"

ಮೋಟಾರು ಓಡುತ್ತಿರುವಾಗ ಹೊರಗೆ ನಿಂತವರಿಗೆ ಒಳಗಿನ ಮಾತು ಎಷ್ಟು ಕೇಳಿಸೀತು ಎಂದು ನಾನು ಯೋಚಿಸಲಿಲ್ಲ. ಹೆದರಿದವರಿಗೆ ತಾವು ಹೆದರಿದ ಸುದ್ದಿಯೇ ಖರೆ ಅನಿಸುತ್ತದೆ. ನಾನು ಹೆದರಿದ್ದು ಅದಕ್ಕೇ, ಕಿವಿಗೆ ಬಿದ್ದದ್ದೂ ಅದೇ. ಎದ್ದವಳು ಸೆರಗು ಸಿಕ್ಕಿಸಿ ಗಿರಣಿಗೆ ಹೋದೆ. ಪಾಳಿಯಲ್ಲಿ ಹತ್ತು ಮಂದಿ ಇದ್ದರು.

"ನಿಮಗ ಏನು ಮಾಡಿತ್ತರಿ ನನ್ನ ಕೂಸು? ಹೆಣ್ಣುಮಗಳ ಬಾಳೇಕ ಮಣ್ಣು ಹಾಕಿದ್ರಲ್ಲ! ನಿಮ್ಮ ನಾಲಿಗಿಗೆ ಹುಳ ಬೀಳಲಿ!"

ಕಾಕಾ ಮೋಟಾರು ಬಂದ್ ಮಾಡಿದರು. ಸಪ್ಪಳ ನಿಂತರೂ ನನ್ನ ಮಾತು ಇನ್ನೂ ಗಾಳಿಯಲ್ಲಿಯೇ ಇದ್ದಂತಿತ್ತು.

"ನಿನಗ ಯಾರು ಹೇಳಿದ್ರವಾ? ಅವರು ಪೂರಾ—"

"ಸಾಕು ಮಾಡ್ರಿ ನಿಮ್ಮ ಕಂಡದ್ದು ಕೇಳಿದ್ದು!" ಎಂದೆ. "ಊರಾಗ ಹೆಣ್ಣು ಹಡದಾಕಿ ಒಬ್ಬಾಕೀನೂ ಈ ಗಿರಣಿ ಮೆಟ್ಟಲಾ ಹತ್ತಬಾರದು!"

ಅವರು ಕಲ್ಲಿನ ಮೇಲೆ ಕೈಯಿಟ್ಟು ನಿಂತೇ ಇದ್ದರು.

ನನ್ನ ಮಾತು ಗಾಳಿಗೆ ಹೋಗಲಿಲ್ಲ, ಅದೇ ನನ್ನ ದೊಡ್ಡ ತಪ್ಪು. ಬಸ್ ನಿಲ್ಲುವಲ್ಲಿ ಆ ವರ್ಷವೇ ಇನ್ನೊಂದು ಗಿರಣಿ ಆಗಿತ್ತು. ಮದುವೆಗೆ ಬಂದ ಹೆಣ್ಣುಮಕ್ಕಳಿದ್ದ ಮನೆಗಳೆಲ್ಲ ಒಂದೊಂದಾಗಿ ಡಬ್ಬಿಯನ್ನು ಅತ್ತ ಹೊರಳಿಸಿದವು. "ಆತ ಲಗ್ನ ಮುರಿಯಾಂವ ಅಂತ" ಎಂದು ಒಬ್ಬರಿಗೊಬ್ಬರು ಹೇಳಿದರು. ನಾನು ಬಾಯಿ ತುಂಬ ಹೇಳಿದ್ದನ್ನು ಯಾರೂ, ನೀ ಕಂಡ್ಯಾ ಎಂದು ಕೇಳಲಿಲ್ಲ. ತಾಯಿ ಅತ್ತು ಹೇಳಿದ ಮೇಲೆ ಖರೆಯೇ ಇರಬೇಕು ಅಂದುಕೊಂಡರು.

ಇತ್ತ ಎಂಟೇ ದಿನಕ್ಕೆ ತಂಬೂರಿನ ಕಡೆಯಿಂದ ಸುದ್ದಿ ಬಂತು. ಹೆಣ್ಣು ನೋಡಲು ಬರುತ್ತೇವೆ ಎಂದು. ಬಂದರು, ನೋಡಿದರು, ಒಪ್ಪಿದರು. ದೇವರು ದೊಡ್ಡವನು, ಗಿರಣಿಯವನ ಮಾತು ನಡೆಯಲಿಲ್ಲ ಎಂದು ನಾನು ಬೀಗಿದೆ. ಲಗ್ನಕ್ಕೆ ಊರಿಗೆಲ್ಲ ಊಟ ಹೇಳಿದೆವು. ಗಿರಣಿ ಕಾಕಾನ ಮನೆ ಒಂದನ್ನು ಬಿಟ್ಟೆವು. ನಮ್ಮ ಯಜಮಾನರು, "ಬ್ಯಾಡ, ಹೇಳೂಣು, ಹಿರೇ ಮನಷ್ಯಾ" ಎಂದರು. ನಾನು ಕೇಳಲಿಲ್ಲ.

ಪಂಚಮಿಗೆ ಮಗಳನ್ನು ಕರೆದುಕೊಂಡು ಬೀಗರೇ ಬಂದರು. ಉಂಡು ಎಲೆಅಡಿಕೆ ಹಾಕಿಕೊಳ್ಳುತ್ತ ಕೇಳಿದರು: "ನಿಮ್ಮ ಗಿರಣಿಯವರು ಲಗ್ನದಾಗ ಕಾಣಲಿಲ್ಲಲ್ಲರಿ? ಅವರಿಗೊಂದು ಶರಣು ಹೇಳಬೇಕಾಗಿತ್ತು."

ನಾನು ಬಾಗಿಲ ಹಿಂದಿನಿಂದಲೇ, "ಅವರಿಗ್ಯಾಕ್ರಿ ಶರಣು? ನಮ್ಮ ಹುಡುಗಿ ಮ್ಯಾಲೆ ಇಲ್ಲದ್ದು ಹೇಳಿದವರಿಗೆ?" ಎಂದೆ.

ಬೀಗರು ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

"ಯಾರು ಹೇಳಿದ್ರು ನಿಮಗ? ಕೇಳ್ರಿ ಇಲ್ಲೆ. ಮೂರ್ಛಿ ಅನ್ನೂ ಮಾತು ನಾವು ನಿಮ್ಮೂರಿಗೆ ಬರೂಕಿಂತ ಮೊದಲಽ ನಮ್ಮ ಕಿವಿಗೆ ಬಿದ್ದಿತ್ತು. ಖರೇನೋ ಸುಳ್ಳೋ ನೋಡೂಣು ಅಂತ ಬಂದ್ವಿ. ಹನ್ನೊಂದು ಮಂದೀನ ಕೇಳಿದ್ವಿ. ಹನ್ನೊಂದೂ ಮಂದಿ ಬಂಗಾರದಂಥಾ ಹುಡುಗಿ, ದನಿ ಎತ್ತಿದಾಕಿ ಅಲ್ಲ, ತಲಿನೋವು ಅಂದಾಕಿ ಅಲ್ಲ. ಎಲ್ಲಾರ ಬಾಯಾಗೂ ಒಂದಽ ಪಾಠ! ತಲಿನೋವಿನ ಮಾತು ನಾವು ಕೇಳೇ ಇರಲಿಲ್ಲ, ತಾವಽ ಹೇಳಿದ್ರು. ನಮ್ಮ ಭಾವಮೈದುನ ಅಂದ, ಏಳ್ರಿ ಹೋಗೂಣು, ಏನೋ ಮುಚ್ಚಾಕತ್ತಾರ ಅಂತ. ಬಸ್ಸಿಗೆ ಹೊತ್ತಿತ್ತು. ಹಂಗಽ ಗಿರಣಿಗೆ ಹೊಕ್ಕಿದ್ವಿ."

ಅಲ್ಲಿ ಕೇಳಿದ್ದನ್ನು ಬೀಗರು ಕಾಕಾನ ದನಿಯಲ್ಲಿಯೇ ಹೇಳಿದರು. ಇವತ್ತಿಗೂ ನನಗೆ ಬಾಯಿಪಾಠ:

"ಹೌದ್ರಿ, ಬಿದ್ದಿತ್ತು. ಇಲ್ಲೇ, ಈ ಕಲ್ಲಿನ ಮುಂದ. ನಾ ಕಂಡದ್ದು ಹೇಳ್ತೇನಿ. ಶ್ರಾವಣ ಸೋಮವಾರ, ಉಪಾಸ, ಎರಡು ತಾಸು ಪಾಳ್ಯಾಗ ನಿಂತಿತ್ತು. ಕೈಕಾಲು ಸೆಟೀಲಿಲ್ಲ, ಬಾಯಾಗ ಬುರುಗು ಬರಲಿಲ್ಲ. ನೀರು ಹೊಡದ ಕೂಡ್ಲೆ ಎದ್ದು ಕುಂತು ಮೊದಲ ಕೇಳಿದ್ದು, ಯಾರದರ ಹಿಟ್ಟು ಚೆಲ್ಲಿದೆನೇನ್ರಿ ಅಂತ. ಬಾಜೂದಾಕೀದು ಚೆಲ್ಲಿತ್ತು. ತನ್ನ ಡಬ್ಬಿಯಿಂದ ತಗದು ಆಕಿಗೆ ತುಂಬಿ ಕೊಟ್ಟು ಹೋತು. ಇಷ್ಟು ಕಂಡದ್ದು. ಮೂರ್ಛಿ ಅಂತ ಮಂದಿ ಅಂದದ್ದು ಕೇಳೇನಿ, ಕಂಡಿಲ್ಲ. ಅನುಮಾನ ಇದ್ರ ಡಾಕ್ಟರಿಗೆ ತೋರಿಸ್ರಿ, ನಾ ಹಿಟ್ಟು ಬೀಸಾಂವ. ಇನ್ನೊಂದು, ಹುಡುಗಿ ದನಿ ದೊಡ್ಡದು ಐತ್ರಿ. ಈ ಸಪ್ಪಳದಾಗೂ ನನಗ ಕೇಳತೈತಿ."

ಬೀಗರು ನಕ್ಕರು. "ದನಿ ದೊಡ್ಡದು ಅಂದ್ರಲ್ಲರಿ, ಅವಾಗ ನನಗ ಪೂರಾ ನಂಬಿಕಿ ಬಂತು. ನಮ್ಮ ಮನ್ಯಾಗ ನಮ್ಮವ್ವಗ ಕಿವಿ ಕೇಳಂಗಿಲ್ಲ. ಅಂಥಾ ದನಿಯಾಕೀನಽ ಬೇಕಾಗಿತ್ತು. ಹನ್ನೊಂದು ಮಂದಿ ಹೊಗಳಿದ್ದು ನನ್ನ ಎದಿಯಾಗ ಇಳೀಲಿಲ್ಲ. ಅವರೊಬ್ಬರು ಒಂದು ಹುಳುಕು ಹೇಳಿದ್ರು, ಅದಕ್ಕಽ ಅವರು ಹೇಳಿದ ಚಲೋದೂ ಇಳೀತು."

ನಾನು ಬಾಗಿಲಿಗೆ ಒರಗಿಕೊಂಡೇ ಕೆಳಗೆ ಕೂತೆ. ಒಳಗೆ ಮಗಳು, "ಅವರು ಹೇಳಿದ್ದು ಖರೇನಽ ಐತಲ್ಲಬೇ, ಕಾಕಾನಽ ನನ್ನ ತಲಿಗೆ ನೀರು ಹೊಡದಿದ್ರು" ಎಂದು ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು. ಲಗ್ನದ ತನಕ ಒಂದೇ ಮನೆಯಲ್ಲಿ ಇದ್ದೂ ನಾನು ಅವಳನ್ನು ಕೇಳಿರಲಿಲ್ಲ.

ಮರುದಿನ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದೆ. ಬೇವಿನ ನೆರಳಿನಲ್ಲಿ ಪಾಳಿ ಇರಲಿಲ್ಲ. ಒಂದು ಡಬ್ಬಿ, ಎರಡು ಚೀಲ. ಕಾಕಾ ನನ್ನನ್ನು ನೋಡಿದರು, ಡಬ್ಬಿಯನ್ನು ನೋಡಿದರು, ಒಂದು ಹಿಡಿ ತೆಗೆದು ಮೂಸಿದರು.

"ಜ್ವಾಳ ಹಸೀ ಅದಾವು. ನಾಳೆ ಬಿಸಲಿಗೆ ಹಾಕಿ ತಗೊಂಡ ಬಾ."

ನನಗೆ ನಗುವೂ ಬಂತು, ಅಳುವೂ ಬಂತು. ಕಾಲಿಗೆ ಬಿದ್ದೆ. "ಸಿಟ್ಟಾಗೀರೇನ್ರಿ ಕಾಕಾ?"

"ಆಗಿದ್ದೆ. ಖರೇ ಹೇಳ್ಲ್ಯಾ? ಲಗ್ನದ ದಿನ ಊರಿಗೆಲ್ಲ ಬೂಂದಿ ವಾಸನಿ ಬರಾಕತ್ತಿತ್ತು. ಅವತ್ತ ಭಾಳ ಸಿಟ್ಟು ಬಂದಿತ್ತು."

"ನೀವು ಅವರಿಗೆ ಏನು ಹೇಳಿದ್ರಿ ಅಂತ ಅವತ್ತಽ ನನಗ ಯಾಕ ಹೇಳಲಿಲ್ರಿ?"

"ನೀ ಕೇಳಾಕ ಬಂದಿದ್ದಿಲ್ಲವಾ. ಹೇಳಾಕ ಬಂದಿದ್ದಿ."

ಆ ದಿನದಿಂದ ನಾನು ಮನೆ ಮನೆಗೆ ತಿರುಗಿದೆ. ಅವರು ಲಗ್ನ ಮುರಿಯಲಿಲ್ಲ, ಕೂಡಿಸಿದರು ಎಂದು ಬೀಗರ ಮಾತನ್ನೆಲ್ಲ ಬಿಡಿಸಿ ಹೇಳಿದೆ. ಆಗ ನನಗೆ ಒಂದು ವಿಚಿತ್ರ ಗೊತ್ತಾಯಿತು. ಕೆಟ್ಟ ಮಾತನ್ನು ಒಮ್ಮೆ ಹೇಳಿದ್ದೆ, ಹತ್ತೂ ಮಂದಿ ನಂಬಿದರು. ಒಳ್ಳೆಯದನ್ನು ಹತ್ತು ಸಲ ಹೇಳಿದೆ, ಅರ್ಧ ಮಂದಿ ನನ್ನ ಮುಖವನ್ನೇ ನೋಡಿದರು. "ಮಗಳ ಸಂಸಾರ ನೆಟ್ಟಗಾತಲ್ಲ, ಈಗ ಎಲ್ಲಾರೂ ಚಲೋ ಕಾಣತಾರ" ಎಂದರು. ಕೆಲವರು ಬಂದರು, ಕೆಲವರು ಬರಲಿಲ್ಲ. ತುದಿಮನೆಯಾಕೆ ಮಾತ್ರ ಅತ್ತುಬಿಟ್ಟಳು. "ನಾ ಕೇಳಿದ್ದು ಎರಡಽ ಮಾತಬೇ, ಬಿದ್ದಿತ್ತು ಅನ್ನೂದು, ಮೂರ್ಛಿ ಅನ್ನೂದು. ನಡುವಿಂದು ಪಟ್ಟಾದ ಸಪ್ಪಳದಾಗ ಹೋಗಿತ್ತು" ಎಂದಳು. ಅವಳಿಗೆ ಏನೆಂದು ಬೈಯಲಿ? ನಡುವಿನದನ್ನು ಕೇಳುವ ತಾಳ್ಮೆ ನನಗೇ ಇರಲಿಲ್ಲ.

ಮೊಮ್ಮಗಳು ಹುಟ್ಟಿ ಮೂರು ತಿಂಗಳಿಗೆ ಕೂಸನ್ನು ಎತ್ತಿಕೊಂಡು ಮೊದಲು ಹೋದದ್ದು ಗಿರಣಿಗೆ. ಓಣಿಯವರೆಲ್ಲ ಚಂದ್ರನ ತುಂಡು ಎಂದು ಹೊಗಳಿದ್ದರು, ನಾನು ಅದನ್ನೆಲ್ಲ ನುಂಗಿ ಉಬ್ಬಿದ್ದೆ. ಕಾಕಾ ಹಿಟ್ಟಿನ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಬಾಗಿ ಬಹಳ ಹೊತ್ತು ನೋಡಿದರು.

"ಮೂಗು ನಿನ್ನಂಗ ಚಪ್ಪಟಿ ಐತಿ. ತಲಿ ಒಂದು ಕಡೆ ಚಪ್ಪಟಿ, ಬಾಜು ಬದಲಿಸಿ ಮಲಗಸ್ರಿ. ಕಣ್ಣು ಮಾತ್ರ ಅಗದಿ ಚಲೋ ಅದಾವು. ಮಂದೀನ ನೆಟ್ಟಗ ನೋಡತೈತಿ."

ಆಹಾ, ಆ ಕಣ್ಣಿನ ಮಾತು! ಹಾದಿಯುದ್ದಕ್ಕೂ ಅದನ್ನೇ ಅಂದುಕೊಳ್ಳುತ್ತ ಬಂದೆ.

ಈ ಚಳಿಗಾಲದಲ್ಲಿ ಅವರು ಮಲಗಿದರು. ಮೂವತ್ತು ವರ್ಷದ ಹಿಟ್ಟು ಎದೆಯಲ್ಲಿ ಕೂತಿತ್ತೋ ಏನೋ, ಕೆಮ್ಮು ಇಳಿಯಲೇ ಇಲ್ಲ. ನಾನು ಗಂಜಿ ಮಾಡಿಕೊಂಡು ಹೋದಾಗ ಮನೆಯಲ್ಲಿ ಮಂದಿ ತುಂಬಿತ್ತು. ಬಂದವರೆಲ್ಲ, "ಏನಾಗೇತ್ರಿ ನಿಮಗ, ಎಂಟು ದಿನದಾಗ ಗಿರಣಿ ಹಚ್ಚತೀರಿ" ಎನ್ನುತ್ತಿದ್ದರು. ಅವರ ಹೆಂಡತಿ, ನಾವು ಕಾಕು ಅನ್ನುವವರು, ಮೂಲೆಯಲ್ಲಿ ನಿಂತು ಹೂಂ ಹೂಂ ಎನ್ನುತ್ತಿದ್ದರು. ಅವರಿಗೆ ಒಬ್ಬಳೇ ಮಗಳು, ಸೊಲ್ಲಾಪುರದ ಕಡೆ ಕೊಟ್ಟಿದ್ದರು. ಟಪಾಲು ಕಚೇರಿಯಿಂದ ತಾರು ಕೊಟ್ಟರೆ ಹುಡುಗಿ ಗಾಬರಿಯಾಗುತ್ತಾಳೆ, ಆರಾಮಾದ ಮೇಲೆ ಪತ್ರ ಬರೆದರಾಯಿತು ಎಂದು ಎಲ್ಲರೂ ಕೂಡಿ ತೀರ್ಮಾನ ಮಾಡಿದ್ದರು.

ಮಂದಿ ಚದುರಿದ ಮೇಲೆ ಕಾಕಾ ಕೈ ಸನ್ನೆ ಮಾಡಿ ನನ್ನನ್ನು ಕರೆದರು. ಕಿವಿಯಲ್ಲಿ ಹತ್ತಿ ಇರಲಿಲ್ಲ. ಹತ್ತಿ ಇಲ್ಲದ ಅವರ ಕಿವಿಯನ್ನು ನಾನು ನೋಡಿದ್ದು ಅದೇ ಮೊದಲು.

"ಎಲ್ಲಾರೂ ಒಂದಽ ಪಾಠ ಹೇಳಾಕತ್ತಾರ" ಎಂದರು. "ನೀ ಹೇಳವಾ. ನಿನ್ನಿ ಕಂಡೀ, ಇವತ್ತೂ ಕಂಡೀ. ಹೆಂಗ ಅದೇನಿ?"

ಆರಾಮ ಆಗ್ತೀರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದೂ ಬಂದಿತ್ತು. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕಾಕು ಹಿಂದಿನಿಂದ, ಬ್ಯಾಡ ಬ್ಯಾಡ ಎಂದು ತಲೆ ಅಲ್ಲಾಡಿಸುತ್ತಿದ್ದರು.

"ಇಳಿದೀರಿ ಕಾಕಾ" ಎಂದೆ. "ನಿನ್ನೀಕಿಂತ ಇವತ್ತ ಭಾಳ ಇಳಿದೀರಿ. ಕಾಲು ಬಾತಾವು. ಉಸಿರು ಮ್ಯಾಲೆ ಮ್ಯಾಲೆ ಆಗೇತಿ."

ಕಾಕು ಸೆರಗು ಬಾಯಿಗೆ ಒತ್ತಿಕೊಂಡರು. ಕಾಕಾ ಮಾತ್ರ ಕಣ್ಣು ಮುಚ್ಚಿ ಒಂದು ದೊಡ್ಡ ಉಸಿರು ಬಿಟ್ಟರು, ಎಷ್ಟೋ ದಿನದಿಂದ ಹೊತ್ತ ಚೀಲವನ್ನು ಯಾರೋ ಇಳಿಸಿಕೊಂಡಂತೆ.

"ಹಂಗಾರ ಮಗಳಿಗೆ ತಾರು ಕೊಡ್ರಿ."

ನಮ್ಮ ಯಜಮಾನರೇ ಅದೇ ತಾಸಿನ ಬಸ್ಸಿಗೆ ಹೋಗಿ ಕುಂದಗೋಳದಿಂದ ತಾರು ಕೊಟ್ಟು ಬಂದರು. ಎರಡನೆಯ ದಿನ ಮುಂಜಾನೆ ಮಗಳು ಬಂದಳು. ಆ ದಿನವೆಲ್ಲ ಅಪ್ಪ ಮಗಳು ಮಾತಾಡಿದರು. ಅವಳು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನಡುನಡುವೆ ಅವರು ನಕ್ಕದ್ದೂ ಹೊರಗೆ ಕೇಳಿಸಿತು. ಮರುದಿನ ಹೊತ್ತು ಏರುವುದರೊಳಗೆ ಕಾಕಾ ಹೋದರು.

ಮಣ್ಣಿಗೆ ಊರೆಲ್ಲ ಬಂದಿತ್ತು. ಎರಡು ಮನೆಯವರು ಮಾತ್ರ ಬರಲಿಲ್ಲ, ನನ್ನ ಮಾತು ನಂಬಿ ಅವರನ್ನು ಬಿಟ್ಟವರು. ಅದು ನನ್ನ ಲೆಕ್ಕಕ್ಕೇ ಸೇರಿದ್ದು, ಯಾವ ಸಂತೋಷಕ್ಕೂ ಅದು ಅಳಿಯುವುದಿಲ್ಲ. ಮಣ್ಣು ಮುಗಿಸಿ ಬಂದ ಮೇಲೆ ಅವರ ಮಗಳು ನನ್ನ ಕೈ ಹಿಡಿದುಕೊಂಡಳು. "ನಮ್ಮಪ್ಪ ಅಂದ, ಅಕ್ಕಾರ. ಇಷ್ಟು ಮಂದಿ ಬಂದು ಹೇಳಿದ್ರೂ ನನಗ ನಂಬಿಕಿ ಬರಲಿಲ್ಲ, ಆಕಿ ಹೇಳಿದ ಮ್ಯಾಲೆ ಬಂತು ಅಂತ" ಎಂದಳು.

ಅವರ ನಾಲಿಗೆಗೆ ಹುಳ ಬೀಳಲಿ ಎಂದು ಶಪಿಸಿದವಳು ನಾನು. ತಮ್ಮ ಕೊನೆಯ ಮೂರು ದಿನವನ್ನು ಅವರು ನನ್ನ ನಾಲಿಗೆಯ ಮೇಲೆ ನಂಬಿಕೆಯಿಟ್ಟು ಕಳೆದರು.